ಪದವಿ ಇದೆ, ಕೆಲಸದ ದಾರಿ ಇಲ್ಲ: ನಿರಾಶ್ರಿತರ ಬೆನ್ನಿಗೆ ನಿಲ್ಲುವುದೆಂದರೆ ಏನು?

ತಮಿಳುನಾಡಿನ ಶ್ರೀಲಂಕಾ ತಮಿಳರ ಶಿಬಿರಗಳಲ್ಲಿ ಎಂಜಿನಿಯರಿಂಗ್ ಮುಗಿಸಿದ ಯುವಕರು ಕಟ್ಟಡಗಳಿಗೆ ಬಣ್ಣ ಬಳಿಯುವ ದಿನಗೂಲಿಗೆ ಹೋಗುತ್ತಿರುವ ಸಂಗತಿ ಪತ್ರಿಕೆಗಳಲ್ಲಿ ಆಗಾಗ ವರದಿಯಾಗುತ್ತಲೇ ಇದೆ. ಅದನ್ನು ಓದಿದವರು ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ. ಒಂದೋ ಆ ಹುಡುಗರಿಗೆ ಸರಿಯಾಗಿ ದಾರಿ ತೋರಿಸುವವರು ಇರಲಿಲ್ಲ, ಇಲ್ಲವೇ ನಮ್ಮ ಎಂಜಿನಿಯರುಗಳಿಗೇ ಕೆಲಸವಿಲ್ಲದ ಕಾಲದಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ದಾರಿ ತೋರಿಸುವವರು ಇದ್ದದ್ದರಿಂದಲೇ ಶಿಬಿರದ ಹತ್ತಡಿ ಕೋಣೆಯಿಂದ ಹೊರಟ ಹುಡುಗ ಬಿ.ಇ. ತನಕ ಬಂದ. ಅವನನ್ನು ತಡೆದದ್ದು ಪದವಿಯ ಆಚೆಗೆ ನಿಂತಿರುವ ಕಾನೂನು ಮತ್ತು ಕಾಗದಪತ್ರ. ನಿರಾಶ್ರಿತರಿಗೆ ಓದು ಮತ್ತು ಉದ್ಯೋಗ ದೊರಕಿಸಲು ಮಾರ್ಗದರ್ಶನ, ವಿದ್ಯಾರ್ಥಿವೇತನ, ಕೌಶಲ ತರಬೇತಿಗಳ ಬಗ್ಗೆ ಜಗತ್ತಿನಾದ್ಯಂತ ಈಗ ಬಹಳಷ್ಟು ಮಾತು ನಡೆಯುತ್ತಿದೆ. ಈ ಬೆಂಬಲದ ವ್ಯವಸ್ಥೆಗಳು ಎಲ್ಲಿ ಫಲ ಕೊಡುತ್ತವೆ, ಎಲ್ಲಿ ನಿಂತುಬಿಡುತ್ತವೆ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ದಕ್ಷಿಣ ಭಾರತದಲ್ಲೇ, ಅದರಲ್ಲೂ ಕರ್ನಾಟಕದಲ್ಲೇ, ಆರು ದಶಕಗಳ ಅನುಭವವಿದೆ.

ಮೊದಲು ಕಾನೂನಿನ ಸ್ಥಿತಿ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕಾಗಲೀ ಅದರ 1967ರ ಪೂರಕ ಒಪ್ಪಂದಕ್ಕಾಗಲೀ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯನ್ನೂ ಮಾಡಿಲ್ಲ. ದೀರ್ಘಕಾಲ 1946ರ ವಿದೇಶಿಯರ ಕಾಯ್ದೆಯ ಅಡಿಯಲ್ಲಿ ಅವರು ಕೇವಲ ‘ವಿದೇಶಿ’ಗಳಾಗಿದ್ದರು, 2025ರಲ್ಲಿ ಅದರ ಜಾಗಕ್ಕೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ನಿರಾಶ್ರಿತ ಎಂಬ ಬೇರೆ ವರ್ಗವಿಲ್ಲ. ಹೀಗಾಗಿ ಯಾವ ಸಮುದಾಯಕ್ಕೆ ಏನು ಸಿಗುತ್ತದೆ ಎಂಬುದು ಕೇಂದ್ರ ಗೃಹ ಸಚಿವಾಲಯದ ಆದೇಶಗಳು, ರಾಜ್ಯ ಸರ್ಕಾರದ ಧೋರಣೆ ಮತ್ತು ಆಯಾ ಕಾಲದ ರಾಜಕೀಯದ ಮೇಲೆ ನಿಂತಿದೆ. ಟಿಬೆಟನ್ನರಿಗೆ ಒಂದು ಬಗೆ, ಶ್ರೀಲಂಕಾ ತಮಿಳರಿಗೆ ಇನ್ನೊಂದು, ದೆಹಲಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿಕೊಂಡ ಅಫ್ಘನ್ನರು, ಮ್ಯಾನ್ಮಾರಿನ ಚಿನ್ ಹಾಗೂ ರೋಹಿಂಗ್ಯಾಗಳಿಗೆ ಮತ್ತೊಂದು.

ಸಂವಿಧಾನದಲ್ಲಿ ಇರುವ ಒಂದು ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಸಮಾನತೆಯ 14ನೇ ವಿಧಿ ಮತ್ತು ಜೀವಿಸುವ ಹಕ್ಕಿನ 21ನೇ ವಿಧಿ ನಾಗರಿಕರಲ್ಲದವರಿಗೂ ಅನ್ವಯವಾಗುತ್ತವೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣದ ಹಕ್ಕನ್ನು ಹೇಳುವ 21ಎ ವಿಧಿ ಮತ್ತು 2009ರ ಕಾಯ್ದೆ ಮಾತನಾಡುವುದು ‘ಮಗು’ವಿನ ಬಗ್ಗೆ, ನಾಗರಿಕನ ಬಗ್ಗೆ ಅಲ್ಲ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ ಎಂದೂ, ಓದು ತಪ್ಪಿಹೋದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಯಾವುದೇ ವೃತ್ತಿ, ವ್ಯಾಪಾರ ಕೈಗೊಳ್ಳುವ 19ನೇ ವಿಧಿಯ ಸ್ವಾತಂತ್ರ್ಯ ಮತ್ತು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶದ 16ನೇ ವಿಧಿ ನಾಗರಿಕರಿಗೆ ಮಾತ್ರ. ಅಂದರೆ ಹದಿನಾಲ್ಕು ವರ್ಷದ ತನಕ ನಿರಾಶ್ರಿತ ಮಗುವಿನ ಕೈ ಹಿಡಿಯುವ ಸಂವಿಧಾನ, ಅದು ಬೆಳೆದು ಸಂಪಾದನೆಗೆ ಹೊರಡುವ ಹೊತ್ತಿಗೆ ಕೈ ಬಿಡುತ್ತದೆ. ನಡುವಿನ ಪಿಯುಸಿ, ಡಿಪ್ಲೊಮಾ, ಪದವಿಯ ವರ್ಷಗಳು ಯಾರ ಹೊಣೆಯೂ ಅಲ್ಲದ ಜಾಗ. ಮಾರ್ಗದರ್ಶಕರು, ಸ್ವಯಂಸೇವಾ ಸಂಸ್ಥೆಗಳು, ದಾನಿಗಳು ಕೆಲಸ ಮಾಡುತ್ತಿರುವುದು ಬಹುಪಾಲು ಇದೇ ಜಾಗದಲ್ಲಿ.

ಜಾಗತಿಕ ಅಂಕಿಅಂಶವೂ ಇದನ್ನೇ ಹೇಳುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ 2024ರ ಶಿಕ್ಷಣ ವರದಿಯ ಪ್ರಕಾರ ಕಾಲೇಜು ಹಂತ ತಲಪುವ ನಿರಾಶ್ರಿತ ಯುವಜನರು ಶೇ 7 ಮಾತ್ರ. ಒಟ್ಟು ಜಗತ್ತಿನ ಸರಾಸರಿ ಶೇ 40ಕ್ಕಿಂತ ಹೆಚ್ಚು. ಕೆಲವು ವರ್ಷಗಳ ಹಿಂದಷ್ಟೇ ಈ ಪ್ರಮಾಣ ಶೇ 1ರಷ್ಟಿತ್ತು ಎಂಬುದನ್ನು ನೋಡಿದರೆ ಪ್ರಗತಿಯಾಗಿದೆ. 2030ರ ಹೊತ್ತಿಗೆ ಶೇ 15 ಮುಟ್ಟಬೇಕೆಂಬುದು ಆ ಸಂಸ್ಥೆಯ ಗುರಿ. ಜರ್ಮನ್ ಸರ್ಕಾರದ ಹಣದಿಂದ 1992ರಲ್ಲಿ ಆರಂಭವಾದ, ಸ್ವತಃ ನಿರಾಶ್ರಿತನಾಗಿದ್ದ ಆಲ್ಬರ್ಟ್ ಐನ್‌ಸ್ಟೀನ್ ಹೆಸರಿನ ‘ಡಾಫಿ’ ವಿದ್ಯಾರ್ಥಿವೇತನ ಈ ಏರಿಕೆಯಲ್ಲಿ ಪಾಲು ಪಡೆದಿದೆ. ಅದು ಭಾರತದಲ್ಲಿರುವ ಕೆಲವು ನಿರಾಶ್ರಿತ ವಿದ್ಯಾರ್ಥಿಗಳಿಗೂ ಸಿಕ್ಕಿದೆ.

ವಿದ್ಯಾರ್ಥಿವೇತನ ಸಿಕ್ಕಿತೆಂದು ಕಾಲೇಜಿನ ಬಾಗಿಲು ತೆರೆಯುತ್ತದೆಂದು ಹೇಳಲಾಗದು. ಪ್ರವೇಶದ ಅರ್ಜಿ ನಮೂನೆಯನ್ನೇ ತೆಗೆದುಕೊಳ್ಳೋಣ. ‘ರಾಷ್ಟ್ರೀಯತೆ’ ಎಂಬ ಅಂಕಣದಲ್ಲಿ ಭಾರತೀಯ, ಅನಿವಾಸಿ ಭಾರತೀಯ, ವಿದೇಶಿ ಎಂಬ ಮೂರೇ ಆಯ್ಕೆಗಳಿರುತ್ತವೆ. ಮೊದಲನೆಯದನ್ನು ಗುರುತು ಮಾಡಿದರೆ ಸುಳ್ಳು ಮಾಹಿತಿ ಕೊಟ್ಟಂತಾಗುತ್ತದೆ. ಮೂರನೆಯದನ್ನು ಗುರುತು ಮಾಡಿದರೆ ಶುಲ್ಕ ಹಲವು ಪಟ್ಟು ಏರುತ್ತದೆ, ಜೊತೆಗೆ ಪಾಸ್‌ಪೋರ್ಟ್ ಮತ್ತು ವಿದ್ಯಾರ್ಥಿ ವೀಸಾ ಲಗತ್ತಿಸಬೇಕೆಂಬ ಷರತ್ತು ಬರುತ್ತದೆ. ತನ್ನ ದೇಶದಿಂದ ತಪ್ಪಿಸಿಕೊಂಡು ಬಂದವನು ಆ ದೇಶದ ಪಾಸ್‌ಪೋರ್ಟನ್ನು ಎಲ್ಲಿಂದ ತರಬೇಕು? ಇದಾದ ಮೇಲೆ ಹಿಂದಿನ ಶಾಲೆಯ ಟಿ.ಸಿ., ಮೂಲ ಮಾರ್ಕ್ಸ್ ಕಾರ್ಡ್, ನಡುವೆ ಓದು ನಿಂತಿದ್ದರೆ ಗ್ಯಾಪ್ ಸರ್ಟಿಫಿಕೇಟ್, ಬೇರೆ ಮಂಡಳಿಯಲ್ಲಿ ಓದಿದ್ದರೆ ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ಸರ್ಟಿಫಿಕೇಟ್. ಕೌಂಟರಿನಲ್ಲಿ ಕುಳಿತ ಗುಮಾಸ್ತರು ಕೆಟ್ಟವರೆಂದಲ್ಲ, ಇಂಥ ಕಡತ ಅವರ ಮುಂದೆ ಹಿಂದೆಂದೂ ಬಂದಿರುವುದಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕುವುದಕ್ಕಿಂತ ‘ಅವಕಾಶವಿಲ್ಲ’ ಎಂದು ಹಿಂಬರಹ ಕೊಡುವುದೇ ಯಾವ ಕಚೇರಿಯಲ್ಲಾದರೂ ಸುರಕ್ಷಿತ. ಹಾಗೆ ಹಿಂಬರಹ ಬರೆದು ಕೊಟ್ಟರೂ ಪುಣ್ಯ, ಮೇಲ್ಮನವಿಗೆ ಆಧಾರವಾಗುತ್ತದೆ. ಬಹಳ ಸಲ ಬಾಯಿಮಾತಿನಲ್ಲೇ ಕಳುಹಿಸಿಬಿಡುತ್ತಾರೆ.

ಇಂಥ ಕೌಂಟರಿನ ಮುಂದೆ ಮಾರ್ಗದರ್ಶಕನ ಕೆಲಸ ಧೈರ್ಯ ತುಂಬುವ ಭಾಷಣಕ್ಕಿಂತ ತೀರ ಬೇರೆಯಾದದ್ದು. ಯಾವ ವಿಶ್ವವಿದ್ಯಾಲಯ ಹಿಂದೆ ಯಾರನ್ನು ಯಾವ ಆದೇಶದ ಮೇಲೆ ಸೇರಿಸಿಕೊಂಡಿತ್ತು ಎಂಬುದು ಅವನಿಗೆ ಗೊತ್ತಿರಬೇಕು, ಆ ಆದೇಶದ ಜೆರಾಕ್ಸ್ ಚೀಲದಲ್ಲಿರಬೇಕು, ಯಾವ ಅಧಿಕಾರಿಯ ಬಳಿ ಯಾವ ಹೊತ್ತಿನಲ್ಲಿ ಹೋಗಬೇಕೆಂಬ ಅಂದಾಜಿರಬೇಕು, ಕೊನೆಗೆ ‘ಈ ಹುಡುಗಿಯ ಜವಾಬ್ದಾರಿ ನಮ್ಮದು’ ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದು ಕೊಡಬೇಕು. ಮೊದಲ ವರ್ಷ ಒಬ್ಬಳನ್ನು ಸೇರಿಸಲು ಆರು ತಿಂಗಳು ಅಲೆದರೆ, ಎರಡನೇ ವರ್ಷ ಅದೇ ಕಡತವನ್ನು ತೋರಿಸಿ ನಾಲ್ವರನ್ನು ಸೇರಿಸಬಹುದು. ಸಲಹೆ ಕೊಡುವವರು ಬೇಕಾದಷ್ಟು ಸಿಗುತ್ತಾರೆ. ಅಪರೂಪವಾಗಿರುವುದು ಜಾಮೀನು ನಿಲ್ಲುವವರು.

ಈ ಬಗೆಯ ಕೆಲಸವನ್ನು ಬಹಳ ಕಾಲ ಮಾಡಿದವರು ತಮಿಳುನಾಡಿನ ‘ಆಫರ್’ ಸಂಸ್ಥೆಯವರು. 1983ರ ಜುಲೈ ಹಿಂಸಾಚಾರದ ನಂತರ ಶ್ರೀಲಂಕಾದಿಂದ ತಮಿಳರು ರಾಮೇಶ್ವರದ ದಡಕ್ಕೆ ಬಂದಿಳಿಯತೊಡಗಿದಾಗ, ಈಳಂ ನಿರಾಶ್ರಿತರ ಪುನರ್ವಸತಿಗೆಂದು 1984ರಲ್ಲಿ ಎಸ್.ಸಿ. ಚಂದ್ರಹಾಸನ್ ಇದನ್ನು ಕಟ್ಟಿದರು. ಅವರು ಶ್ರೀಲಂಕಾ ತಮಿಳರ ಹಿರಿಯ ನಾಯಕ ಎಸ್.ಜೆ.ವಿ. ಚೆಲ್ವನಾಯಕಂ ಅವರ ಮಗ, ಸ್ವತಃ ವಕೀಲರು, ಸ್ವತಃ ನಿರಾಶ್ರಿತರು. ಸಂಸ್ಥೆಯ ಕಾರ್ಯಕರ್ತರೂ ಬಹುಪಾಲು ಶಿಬಿರವಾಸಿಗಳೇ. ಹೊರಗಿನವರು ಬಂದು ಉದ್ಧಾರ ಮಾಡುವ ಮಾದರಿ ಇದಾಗಿರಲಿಲ್ಲ. ನಿನ್ನೆ ಪದವಿ ಮುಗಿಸಿದವರು ಇಂದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಪಾಠ ಹೇಳುವುದು, ಅವರ ಅರ್ಜಿ ತುಂಬುವುದು, ಶುಲ್ಕಕ್ಕೆ ದಾನಿಗಳನ್ನು ಹುಡುಕುವುದು ಹೀಗೆ ಸಾಗಿತು. ಎಂ.ಜಿ.ಆರ್. ಮುಖ್ಯಮಂತ್ರಿಯಾಗಿದ್ದಾಗ ವೃತ್ತಿಶಿಕ್ಷಣದ ಕೋರ್ಸುಗಳಲ್ಲಿ ನಿರಾಶ್ರಿತ ಮಕ್ಕಳಿಗೆ ಕೆಲವು ಸೀಟುಗಳನ್ನು ಮೀಸಲಿಟ್ಟಿದ್ದರು. 1991ರಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ ಎಲ್ಲವೂ ತಲೆಕೆಳಗಾಗಿ, ಹತ್ಯೆಗೆ ಯಾವ ಸಂಬಂಧವೂ ಇಲ್ಲದ ಮಕ್ಕಳ ಕಾಲೇಜು ಪ್ರವೇಶವೂ ನಿಂತಿತು. ಮತ್ತೆ ಆ ಬಾಗಿಲು ತೆರೆಸಲು ವರ್ಷಗಳೇ ಹಿಡಿದವು. ಅಷ್ಟೂ ಕಾಲ ಶಿಬಿರಗಳಲ್ಲಿ ಸಂಜೆ ಪಾಠದ ಪರಂಪರೆ ಕಡಿಯದೆ ಉಳಿದದ್ದು ಒಳಗಿನವರೇ ಅದನ್ನು ನಡೆಸುತ್ತಿದ್ದುದರಿಂದ.

ಆದರೆ ಈ ಇಡೀ ಪ್ರಯತ್ನದ ಅಡಿಯಲ್ಲಿ ಒಂದು ನಂಬಿಕೆ ಇತ್ತು: ಇವರೆಲ್ಲ ಒಂದು ದಿನ ಊರಿಗೆ ಮರಳುತ್ತಾರೆ, ಹಾಳಾದ ಊರನ್ನು ಕಟ್ಟಲು ಓದಿದವರು ಬೇಕು. 2009ರಲ್ಲಿ ಶ್ರೀಲಂಕಾದ ಅಂತರ್ಯುದ್ಧ ಮುಗಿಯಿತು. ಕೆಲವು ಸಾವಿರ ಜನ ಮರಳಿದರೂ ಬಹುಸಂಖ್ಯಾತರು ಮರಳಲಿಲ್ಲ. ಶಿಬಿರದಲ್ಲೇ ಹುಟ್ಟಿ, ತಮಿಳುನಾಡಿನ ಶಾಲೆಯಲ್ಲೇ ಓದಿ, ಶ್ರೀಲಂಕಾವನ್ನು ಕಣ್ಣಿಂದ ಕಾಣದ ಒಂದು ತಲೆಮಾರು ಬೆಳೆದು ನಿಂತಿತ್ತು. ಮರಳುವ ದಿನಕ್ಕೆಂದು ಕೊಟ್ಟ ಪದವಿಯನ್ನು ಈಗ ಚೆನ್ನೈ, ಕೊಯಮತ್ತೂರುಗಳ ಉದ್ಯೋಗ ಮಾರುಕಟ್ಟೆಯಲ್ಲಿ ಚಲಾಯಿಸಬೇಕಾಯಿತು, ಅಲ್ಲಿ ಅದು ಚಲಾವಣೆಯಾಗಲಿಲ್ಲ. ಸರ್ಕಾರಿ ಕೆಲಸದ ಮಾತೇ ಇಲ್ಲ. ಖಾಸಗಿ ಕಂಪನಿಯ ಮಾನವ ಸಂಪನ್ಮೂಲ ವಿಭಾಗ ಪಾಸ್‌ಪೋರ್ಟ್, ಪೊಲೀಸ್ ಪರಿಶೀಲನೆ ಕೇಳುತ್ತದೆ. ಶಿಬಿರದಲ್ಲಿ ನಿಗದಿತ ದಿನಗಳಂದು ನಡೆಯುವ ಹಾಜರಿಗೆ ಇಲ್ಲದಿದ್ದರೆ ಸರ್ಕಾರ ಕೊಡುವ ಸಹಾಯಧನಕ್ಕೆ ಕುತ್ತು. ಹಾಗಾಗಿ ದೂರದ ಊರಿನಲ್ಲಿ ಕೆಲಸ ಹಿಡಿಯುವುದೇ ಕಷ್ಟ. ಬಣ್ಣದ ಕೆಲಸದಲ್ಲಿ ಮೇಸ್ತ್ರಿ ಇಂಥ ಯಾವುದನ್ನೂ ಕೇಳುವುದಿಲ್ಲ, ಸಂಜೆ ಕೂಲಿ ಕೈಗೆ ಬರುತ್ತದೆ. ಪದವೀಧರ ಆ ಕೆಲಸಕ್ಕೆ ಹೋಗುವುದರ ಹಿಂದೆ ಸರಳವಾದ ಲೆಕ್ಕವಿದೆ. ಅದನ್ನು ನೋಡುತ್ತ ಬೆಳೆಯುವ ಅವನ ತಮ್ಮನೂ ಲೆಕ್ಕ ಹಾಕುತ್ತಾನೆ: ನಾಲ್ಕು ವರ್ಷ ಓದಿ ಬ್ರಷ್ ಹಿಡಿಯುವುದಾದರೆ ಈಗಲೇ ಹಿಡಿಯಬಾರದೇಕೆ? ಉದ್ಯೋಗದ ದಾರಿ ಮುಚ್ಚಿದಾಗ ಶಿಕ್ಷಣದ ಬೆಂಬಲವೂ ಹೀಗೆ ಒಳಗಿನಿಂದಲೇ ಸಡಿಲವಾಗುತ್ತದೆ.

2021ರಲ್ಲಿ ಸ್ಟಾಲಿನ್ ಸರ್ಕಾರ 317 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿ, ಹೊಸ ಮನೆ, ಹೆಚ್ಚಿನ ವಿದ್ಯಾರ್ಥಿವೇತನ, ಕೌಶಲ ತರಬೇತಿ ಘೋಷಿಸಿತು. ನಿರಾಶ್ರಿತರ ಶಿಬಿರಗಳನ್ನು ಶ್ರೀಲಂಕಾ ತಮಿಳರ ಪುನರ್ವಸತಿ ಶಿಬಿರಗಳೆಂದು ಕರೆಯತೊಡಗಿತು. ರಾಜ್ಯವೊಂದು ತನ್ನ ಮಿತಿಯಲ್ಲಿ ಮಾಡಬಹುದಾದುದರಲ್ಲಿ ಇದು ದೊಡ್ಡದೇ. ಪೌರತ್ವ ಮಾತ್ರ ಕೇಂದ್ರದ ಕೈಯಲ್ಲಿದೆ, ಮತ್ತು 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ದೇಶಗಳ ಪಟ್ಟಿಯಲ್ಲಿ ಶ್ರೀಲಂಕಾದ ಹೆಸರಿಲ್ಲ.

ಕರ್ನಾಟಕದ ಕಥೆ ಬೇರೆ ದಾರಿ ಹಿಡಿಯಿತು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ನೆಹರೂ ರಾಜ್ಯಗಳಿಗೆ ಪತ್ರ ಬರೆದು ಟಿಬೆಟನ್ ನಿರಾಶ್ರಿತರಿಗಾಗಿ ಜಮೀನು ಕೇಳಿದಾಗ ಮೊದಲು ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವೂ ಒಂದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕಡಿದು 1960ರ ದಶಕದ ಆರಂಭದಲ್ಲೇ ಲುಗ್ಸುಂಗ್ ಸಾಮ್ದುಪ್ಲಿಂಗ್ ನೆಲೆ ಎದ್ದಿತು. ಮುಂದೆ ಅದೇ ಬೈಲಕುಪ್ಪೆಯಲ್ಲಿ ಇನ್ನೊಂದು, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡು, ನಂತರ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಚಳಿ ಪ್ರದೇಶದಿಂದ ಬಂದು ರಸ್ತೆ ಕೆಲಸದಲ್ಲಿ ಸವೆದಿದ್ದ ಜನ ಇಲ್ಲಿನ ಆನೆ, ಮಲೇರಿಯಾಗಳ ನಡುವೆ ಮುಸುಕಿನ ಜೋಳ ಬೆಳೆಯಲು ಕಲಿತರು.

ಇಲ್ಲಿ ಬೆಂಬಲ ವ್ಯಕ್ತಿಗಳ ಮಟ್ಟದಲ್ಲಿರದೆ ಸಂಸ್ಥೆಗಳ ರೂಪ ಪಡೆಯಿತು. ಕೇಂದ್ರ ಶಿಕ್ಷಣ ಸಚಿವಾಲಯ 1961ರಲ್ಲೇ ಟಿಬೆಟನ್ ಶಾಲೆಗಳಿಗೆಂದು ಪ್ರತ್ಯೇಕ ಆಡಳಿತ ಮಂಡಳಿ ರಚಿಸಿತು. ನೆಲೆಯೊಳಗೇ ಶಾಲೆ, ಸಹಕಾರ ಸಂಘ, ಟ್ರ್ಯಾಕ್ಟರ್ ವರ್ಕ್‌ಶಾಪ್, ರತ್ನಗಂಬಳಿ ನೇಯ್ಗೆ ಕೇಂದ್ರ, ಆಸ್ಪತ್ರೆ, ವೃದ್ಧಾಶ್ರಮಗಳು ಬಂದವು. ನೆಲೆಯ ಅಧಿಕಾರಿಯೊಬ್ಬ ಜಿಲ್ಲಾಡಳಿತ ಮತ್ತು ಜನರ ನಡುವೆ ನಿಂತು, ಯಾರಿಗೆ ಯಾವ ಪತ್ರ ಬೇಕೋ ಅದನ್ನು ಕೊಡುವ ಏರ್ಪಾಡಾಯಿತು. ಹನ್ನೆರಡನೇ ತರಗತಿ ಮುಗಿಸಿದವರಿಗೆ ಧರ್ಮಶಾಲಾದ ಟಿಬೆಟನ್ ಆಡಳಿತದ ಶಿಕ್ಷಣ ಇಲಾಖೆ ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿವೇತನ ಕೊಡುತ್ತದೆ, ಬೆಂಗಳೂರು–ಮೈಸೂರು ಹೆದ್ದಾರಿಯ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಹೆಸರಿನ ಉನ್ನತ ಶಿಕ್ಷಣ ಸಂಸ್ಥೆಯೇ ಇದೆ. ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಟಿಬೆಟನ್ ನರ್ಸುಗಳನ್ನು ಕಾಣುವುದು ಈಗ ಅಪರೂಪವಲ್ಲ. ಒಬ್ಬಳು ನರ್ಸಿಂಗ್ ಸೇರಿದರೆ ಅವಳ ಕ್ಯಾಂಪಿನ ಇನ್ನಿಬ್ಬರು ಅದೇ ಕಾಲೇಜಿಗೆ ಬರುತ್ತಾರೆ. ಹಾಸ್ಟೆಲು, ಶುಲ್ಕದ ಕಂತು, ನರ್ಸಿಂಗ್ ಕೌನ್ಸಿಲಿನ ನೋಂದಣಿ ಎಲ್ಲದರ ಮಾಹಿತಿ ಹಿರಿಯಳಿಂದ ಕಿರಿಯಳಿಗೆ ಸಾಗುತ್ತದೆ. ಯಾವ ಯೋಜನೆಯ ಹೆಸರೂ ಇಲ್ಲದೆ ನಡೆಯುವ ಈ ಕೈದಾಟುವಿಕೆ, ಕಾರ್ಯಾಗಾರಗಳಲ್ಲಿ ಪ್ರಮಾಣಪತ್ರ ಹಂಚುವ ಮಾರ್ಗದರ್ಶನ ಯೋಜನೆಗಳಿಗಿಂತ ಗಟ್ಟಿ ಎಂದು ನನ್ನ ಅನಿಸಿಕೆ.

ಕನ್ನಡಿಗರು ಮರೆತಿರುವ ಒಂದು ಸಂಗತಿಯೂ ಇದಕ್ಕೆ ಸೇರಿಕೊಂಡಿದೆ. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೆಸರಿನಲ್ಲೇ ಮೈಸೂರಿನ ಪುನರ್ವಸತಿ ಇತ್ತು. ಟಿಬೆಟನ್ ನೆಲೆಗಳು ಒಂದು ಹಂತಕ್ಕೆ ಬಂದ ಮೇಲೆ ಅದು ಸುತ್ತಲಿನ ಹಳ್ಳಿಗಳ ಬಡವರ ಕಡೆ ತಿರುಗಿತು. ದೊಡ್ಡ ಸಹಕಾರ ಸಂಘಗಳು ಒಡೆದು ಸಣ್ಣ ಗುಂಪುಗಳಾದಾಗ ಆ ಗುಂಪುಗಳನ್ನೇ ನಂಬಿ 1980ರ ದಶಕದಲ್ಲಿ ಸ್ವಸಹಾಯ ಸಂಘಗಳ ಪ್ರಯೋಗ ನಡೆಸಿತು. ಆ ಅನುಭವ ನಬಾರ್ಡ್ 1992ರಲ್ಲಿ ಆರಂಭಿಸಿದ ಸ್ವಸಹಾಯ ಸಂಘ–ಬ್ಯಾಂಕ್ ಜೋಡಣೆ ಕಾರ್ಯಕ್ರಮಕ್ಕೆ ದಾರಿ ಮಾಡಿತು. ಇಂದು ಊರೂರಿನಲ್ಲಿ ವಾರದ ಉಳಿತಾಯ ಕಟ್ಟುವ ಹೆಂಗಸರಿಗೂ ಟಿಬೆಟನ್ನರಿಗೂ ಇರುವ ಈ ನಂಟು ನಿರಾಶ್ರಿತರಿಗೆ ಮಾಡಿದ ಖರ್ಚು ನಮ್ಮವರ ಪಾಲನ್ನು ಕಿತ್ತುಕೊಂಡದ್ದು ಎಂಬ ವಾದಕ್ಕೆ ಒಂದು ಉತ್ತರ.

ಹಾಗೆಂದು ಟಿಬೆಟನ್ನರ ದಾರಿಯೂ ಪೂರ್ತಿ ತೆರೆದಿಲ್ಲ. ಅವರ ಬದುಕು ಎರಡು ಕಾಗದಗಳ ಮೇಲೆ ನಡೆಯುತ್ತದೆ: ಇಲ್ಲಿ ಇರಲು ‘ಆರ್‌ಸಿ’ ಎಂಬ ನೋಂದಣಿ ಪತ್ರ, ಹೊರದೇಶಕ್ಕೆ ಹೋಗಲು ‘ಐಸಿ’ ಎಂಬ ಹಳದಿ ಪುಸ್ತಕ. ಆರ್‌ಸಿ ನವೀಕರಣ ತಪ್ಪಿದರೆ ಐಸಿ ಇಲ್ಲ, ಬ್ಯಾಂಕಿನಲ್ಲಿ ತಕರಾರು, ಕೆಲಸದಲ್ಲಿ ಪ್ರಶ್ನೆ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿ ನರ್ಸಿಂಗ್, ಬೋಧನೆ, ಲೆಕ್ಕಪರಿಶೋಧನೆ, ವೈದ್ಯಕೀಯ, ಎಂಜಿನಿಯರಿಂಗ್ ಮುಂತಾದ ಯಾವ ವೃತ್ತಿಗೆ ಅರ್ಹತೆ ಇದೆಯೋ ಅದನ್ನು ಮಾಡಲು ಬಿಡಬೇಕೆಂದೂ ವ್ಯಾಪಾರ ಪರವಾನಗಿ ಕೊಡಬೇಕೆಂದೂ ರಾಜ್ಯಗಳಿಗೆ ಹೇಳಿತು. ಶಿಬಿರದ ಶ್ರೀಲಂಕಾ ತಮಿಳರಿಗೆ ಇಂಥ ಒಂದು ಪುಟವೂ ಇಲ್ಲ ಎಂಬುದನ್ನು ಗಮನಿಸಿದರೆ ಎರಡು ಸಮುದಾಯಗಳ ಪದವೀಧರರ ನಡುವಿನ ಅಂತರ ಎಲ್ಲಿಂದ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ಆದರೂ ನೀತಿ ಒಂದು ಸಲಹೆ, ಅದು ಕಾಯ್ದೆಯಲ್ಲ. ತಾಲ್ಲೂಕು ಕಚೇರಿಯ ಮೇಜಿನ ತನಕ ಅದು ಎಷ್ಟು ಇಳಿದಿದೆ ಎಂಬುದು ಊರಿನಿಂದ ಊರಿಗೆ ಬೇರೆ.

ಪೌರತ್ವದ ದಾರಿಯೂ ಸುಲಭದ್ದಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ನಾಗರಿಕರೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಮುಂದಾದ ಸರ್ಕಾರ ಆರ್‌ಸಿ, ಐಸಿ ಒಪ್ಪಿಸಬೇಕು, ಟಿಬೆಟನ್ ನೆಲೆಯಲ್ಲಿ ವಾಸಿಸಬಾರದು, ಟಿಬೆಟನ್ ಆಡಳಿತದ ಸೌಲಭ್ಯ ಪಡೆಯಬಾರದು ಎಂಬ ಷರತ್ತುಗಳನ್ನು ಹಾಕಿತು. ತನ್ನನ್ನು ಓದಿಸಿದ ಬೆಂಬಲದ ಜಾಲವನ್ನೇ ಬಿಟ್ಟುಕೊಟ್ಟು ಕಾನೂನಿನ ಹಕ್ಕು ಪಡೆಯಬೇಕೆಂದರೆ ಎಷ್ಟು ಜನ ಒಪ್ಪುತ್ತಾರೆ? ಬೈಲಕುಪ್ಪೆಯ ಯುವಜನ ಕೆನಡಾ, ಅಮೆರಿಕ, ಯೂರೋಪುಗಳಿಗೆ ಹೊರಟು ನೆಲೆಗಳಲ್ಲಿ ಮುದುಕರೇ ಹೆಚ್ಚಾಗುತ್ತಿರುವುದಕ್ಕೆ ಈ ಗೊಂದಲವೂ ಒಂದು ಕಾರಣ. ಇನ್ನೊಂದು ಕೊರತೆಯನ್ನು ನಾವು ಇಲ್ಲಿಂದಲೇ ತುಂಬಬಹುದಿತ್ತು: ಅವರ ಶಾಲೆಗಳ ಪಾಠ ಸಿಬಿಎಸ್‌ಇ ಪದ್ಧತಿಯದು, ಭಾಷೆಗಳು ಟಿಬೆಟನ್, ಇಂಗ್ಲಿಷ್, ಹಿಂದಿ. ಕುಶಾಲನಗರದ ಸಂತೆಯಲ್ಲಿ ಸಲೀಸಾಗಿ ಕನ್ನಡದಲ್ಲಿ ಚೌಕಾಸಿ ಮಾಡುವವರಲ್ಲಿ ಅನೇಕರಿಗೆ ಕನ್ನಡದ ಅರ್ಜಿ ಓದಲು ಬರುವುದಿಲ್ಲ.

ಸ್ಥಾನಮಾನ ಉಳ್ಳ ಒಬ್ಬರು ಬೆನ್ನಿಗೆ ನಿಂತರೂ ಸಂಸ್ಥೆ ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಹಳೆಯದೊಂದು ನಿದರ್ಶನವಿದೆ. ನಾಜಿಗಳು ಕೆಲಸದಿಂದ ಕಿತ್ತುಹಾಕಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಬಾರ್ನ್ ದಂಪತಿ 1935–36ರಲ್ಲಿ ಸುಮಾರು ಆರು ತಿಂಗಳು ಇಲ್ಲಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಸಭೆಯಲ್ಲಿ ಪ್ರಸ್ತಾಪ ಮಂಡಿಸಿದಾಗ, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂಬ ಅರ್ಥದಲ್ಲಿ ಇಂಗ್ಲೆಂಡ್ ಮೂಲದ ಪ್ರಾಧ್ಯಾಪಕರೊಬ್ಬರು ಎದ್ದುನಿಂತು ವಿರೋಧಿಸಿದ್ದನ್ನು ಬಾರ್ನ್ ಮುಂದೆ ನೋವಿನಿಂದ ನೆನೆದಿದ್ದಾರೆ. ಹುದ್ದೆ ಸಿಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ಅವರಿಗೆ ನೊಬೆಲ್ ಬಂತು. ರಾಮನ್‌ರಂಥ ನೊಬೆಲ್ ವಿಜೇತ ನಿರ್ದೇಶಕರ ಶಿಫಾರಸಿಗೇ ಈ ಗತಿಯಾದರೆ, ಒಬ್ಬ ಸ್ವಯಂಸೇವಕನ ಪತ್ರಕ್ಕೆ ಕಂಪನಿಯ ನೇಮಕಾತಿ ಅಧಿಕಾರಿ ಎಷ್ಟು ಬೆಲೆ ಕೊಟ್ಟಾನು?

ಕಾಗದ ಮೊದಲು, ಕೈಹಿಡಿಯುವವರು ಜೊತೆಗೆ ಎಂಬ ಕ್ರಮ ಇರುವ ಕಡೆ ಫಲ ಬೇರೆಯೇ. ಕೆನಡಾದಲ್ಲಿ 1978ರಿಂದ ನಡೆಯುತ್ತಿರುವ ವಿದ್ಯಾರ್ಥಿ ನಿರಾಶ್ರಿತರ ಕಾರ್ಯಕ್ರಮದಲ್ಲಿ ಕಾಲೇಜಿನ ವಿದ್ಯಾರ್ಥಿಗಳೇ ತಮ್ಮ ಶುಲ್ಕದ ಜೊತೆ ಸಣ್ಣ ಮೊತ್ತ ಸೇರಿಸಿ ಕಟ್ಟಿ, ಆಫ್ರಿಕಾ ಅಥವಾ ಪಶ್ಚಿಮ ಏಷ್ಯಾದ ಶಿಬಿರದಲ್ಲಿರುವ ಒಬ್ಬರನ್ನು ತಮ್ಮ ಕ್ಯಾಂಪಸ್ಸಿಗೆ ಕರೆಸಿಕೊಳ್ಳುತ್ತಾರೆ. ಬರುವವರು ಕಾಯಂ ನಿವಾಸಿಯ ಹಕ್ಕಿನೊಂದಿಗೇ ವಿಮಾನ ಇಳಿಯುತ್ತಾರೆ. ಬ್ಯಾಂಕ್ ಖಾತೆ ತೆರೆಸುವುದರಿಂದ ಚಳಿಗಾಲದ ಕೋಟು ಕೊಳ್ಳುವವರೆಗೆ ಮೊದಲ ವರ್ಷ ಜೊತೆಗಿರುವುದು ಸಹಪಾಠಿಗಳ ಹೊಣೆ. ಯೂರೋಪ್ ಕೌನ್ಸಿಲ್ 2017ರಲ್ಲಿ ಆರಂಭಿಸಿದ ವಿದ್ಯಾರ್ಹತೆಯ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ಕಳೆದುಕೊಂಡವರನ್ನು ಸಂದರ್ಶಿಸಿ ಅವರ ಓದನ್ನು ತಜ್ಞರಿಂದ ಅಳೆಯುವ ಏರ್ಪಾಡು. ವಿಳಂಬದ ಬೆಲೆಯನ್ನು ಸ್ವಿಟ್ಜರ್ಲೆಂಡಿನ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ: ಆಶ್ರಯದ ಅರ್ಜಿ ತೀರ್ಮಾನವಾಗಲು ಒಂದು ವರ್ಷ ಹೆಚ್ಚು ಕಾದರೆ ಮುಂದೆ ಉದ್ಯೋಗದಲ್ಲಿರುವವರ ಪ್ರಮಾಣ ಶೇಕಡಾ ನಾಲ್ಕೈದು ಅಂಶಗಳಷ್ಟು ಇಳಿಯುತ್ತದೆ. ಅಲ್ಲಿ ಲೆಕ್ಕ ಒಂದು ವರ್ಷದ್ದು. ರಾಮೇಶ್ವರದ ಸಮೀಪದ ಮಂಡಪಂ ನಿರಾಶ್ರಿತರ ಶಿಬಿರದಲ್ಲಿ ಕಾಯುವಿಕೆಯ ವಯಸ್ಸು ನಾಲ್ಕು ದಶಕ.

ದೆಹಲಿಯ ಅಫ್ಘನ್, ಚಿನ್, ರೋಹಿಂಗ್ಯಾಗಳ ಸ್ಥಿತಿ ಇದಕ್ಕಿಂತ ಅಸ್ಥಿರ. ದೀರ್ಘಾವಧಿ ವೀಸಾ ಸಿಕ್ಕವರಿಗೆ ಖಾಸಗಿ ಕೆಲಸಕ್ಕೆ, ಓದಿಗೆ ಅವಕಾಶವಿದೆ. ಸಿಗದವರಿಗೆ ಆಧಾರ್ ಇಲ್ಲ, ಆಧಾರ್ ಇಲ್ಲದವರಿಗೆ ಖಾತೆ, ಸಿಮ್, ಶಾಲೆ ಎಲ್ಲಕ್ಕೂ ಅಡ್ಡಿ. ರೋಹಿಂಗ್ಯಾ ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಬರಲಿ ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಹೇಳಿತು. ಬೆಂಗಳೂರಿನ ಹೊರವಲಯದ ಗುಜರಿ ಶೆಡ್ಡುಗಳಲ್ಲಿ ಕಸ ವಿಂಗಡಿಸುವ ಕುಟುಂಬಗಳ ಮಕ್ಕಳಿಗೂ ಆ ಮಾತು ಅನ್ವಯಿಸುತ್ತದೆ, ಅದನ್ನು ಮುಖ್ಯೋಪಾಧ್ಯಾಯರ ಕೊಠಡಿಗೆ ತಲಪಿಸುವವರು ಇದ್ದರೆ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ವಶವಾದಾಗ ಮೈಸೂರು ವಿಶ್ವವಿದ್ಯಾಲಯದಲ್ಲಿ ಹತ್ತಾರು ಅಫ್ಘನ್ ವಿದ್ಯಾರ್ಥಿಗಳಿದ್ದರು. ಓದಲು ಬಂದವರು ಒಂದೇ ವಾರದಲ್ಲಿ ಮರಳಲಾಗದವರಾದರು. ಅವರಿಗೆ ಬೇಕಾಗಿದ್ದದ್ದು ವೀಸಾ ವಿಸ್ತರಣೆ ಮತ್ತು ಓದು ಮುಗಿದ ಮೇಲೆ ದುಡಿಯುವ ಅನುಮತಿ. ಸಾಂತ್ವನದ ಮಾತು ಆಮೇಲಿನದು.

‘ನಮ್ಮ ಮಕ್ಕಳಿಗೇ ಕೆಲಸವಿಲ್ಲ’ ಎಂಬ ಆಕ್ಷೇಪವನ್ನು ಬದಿಗೆ ತಳ್ಳಲಾಗದು. ಆದರೆ ದೇಶದಲ್ಲಿ ನೋಂದಾಯಿತ ನಿರಾಶ್ರಿತರ ಒಟ್ಟು ಸಂಖ್ಯೆ ಎರಡು ಲಕ್ಷದ ಆಸುಪಾಸು, ಮತ್ತು ಅವರಲ್ಲಿ ದುಡಿಯಬಲ್ಲವರು ಈಗಾಗಲೇ ದುಡಿಯುತ್ತಿದ್ದಾರೆ. ಅನುಮತಿ ಇಲ್ಲದ ಕಾರಣ ಕಡಿಮೆ ಕೂಲಿಗೆ, ಪಿಎಫ್, ಇಎಸ್‌ಐ ಇಲ್ಲದೆ ದುಡಿಯುತ್ತಿದ್ದಾರೆ, ಇದರಿಂದ ಅದೇ ಕೆಲಸ ಮಾಡುವ ಸ್ಥಳೀಯರ ಕೂಲಿಯೂ ಇಳಿಯುತ್ತದೆ. ಲಾಭ ಮಾಲೀಕನದು. ಪೌರತ್ವ ಕೊಟ್ಟರೂ ಕಾಗದ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಉದಾಹರಣೆ ಇದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಶ್ರೀಲಂಕಾದ ಚಹಾ ತೋಟಗಳಿಂದ ಮರಳಿದ ತಮಿಳರಿಗೆ ಇಲ್ಲಿ ಕೆಲಸವೂ ಪೌರತ್ವವೂ ಸಿಕ್ಕಿತು. ಪರಿಶಿಷ್ಟ ಜಾತಿಗೆ ಸೇರಿದ ಅವರ ಮಕ್ಕಳು ಜಾತಿ ಪ್ರಮಾಣಪತ್ರಕ್ಕೆ ಅಲೆದದ್ದು ಮಾತ್ರ ದಶಕಗಳ ಕಾಲ. ಪ್ರಮಾಣಪತ್ರವಿಲ್ಲದೆ ವಿದ್ಯಾರ್ಥಿವೇತನವಿಲ್ಲ, ಮೀಸಲಾತಿಯಿಲ್ಲ. ರಬ್ಬರ್ ಹಾಲು ತೆಗೆಯುವವರ ಮಕ್ಕಳಲ್ಲಿ ಹಲವರು ಅದೇ ಕೆಲಸಕ್ಕೆ ಇಳಿದರು.

ಪೌರತ್ವ ಮತ್ತು ಕೆಲಸದ ಅನುಮತಿಯ ದೊಡ್ಡ ತೀರ್ಮಾನ ದೆಹಲಿಯದು. ಆದರೆ ಅದಕ್ಕಾಗಿ ಕಾದು ಕೂರದೆ ಕರ್ನಾಟಕ ಸರ್ಕಾರ ಮಾಡಬಹುದಾದ ಕೆಲಸಗಳಿವೆ. ಉನ್ನತ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಪ್ರವೇಶದ ನಮೂನೆಯಲ್ಲಿ ನಾಲ್ಕನೇ ಅಂಕಣ ಸೇರಿಸಿ, ಆರ್‌ಸಿ ಅಥವಾ ವಿಶ್ವಸಂಸ್ಥೆಯ ಕಾರ್ಡ್ ಹೊಂದಿ ಇಲ್ಲೇ ಶಾಲೆ ಓದಿದವರಿಗೆ ರಾಜ್ಯದ ವಿದ್ಯಾರ್ಥಿಗಳ ಶುಲ್ಕವನ್ನೇ ನಿಗದಿ ಮಾಡಬಹುದು. 2014ರ ನೀತಿಯನ್ನು ಕನ್ನಡದಲ್ಲಿ ಮುದ್ರಿಸಿ ಐದೂ ನೆಲೆಗಳ ತಾಲ್ಲೂಕು ಕಚೇರಿ, ಬ್ಯಾಂಕ್ ಶಾಖೆ, ವೃತ್ತಿ ಕೌನ್ಸಿಲುಗಳಿಗೆ ಕಳುಹಿಸಬಹುದು. ಟಿಬೆಟನ್ ಶಾಲೆಗಳಿಗೆ ಕನ್ನಡ ಶಿಕ್ಷಕರನ್ನು ಕೊಡಬಹುದು. ಪ್ರತಿ ವಿಶ್ವವಿದ್ಯಾಲಯದಲ್ಲಿ ಈ ಕಡತಗಳನ್ನು ನೋಡಿಕೊಳ್ಳಲು ಒಬ್ಬ ಸಂಬಳದ ನೌಕರನನ್ನು ನೇಮಿಸಬಹುದು. ಸ್ವಯಂಸೇವಕರ ಉತ್ಸಾಹ ಎರಡು ವರ್ಷಕ್ಕೆ ಮುಗಿಯುತ್ತದೆ, ಕಡತ ಹತ್ತು ವರ್ಷ ನಡೆಯುತ್ತದೆ. ಹೊರಗಿನ ಹಣವನ್ನು ನೆಚ್ಚುವ ಕಾಲವೂ ಇದಲ್ಲ: ದಾನಿ ದೇಶಗಳು ಕೈ ಬಿಗಿ ಹಿಡಿದದ್ದರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2025ರಲ್ಲಿ ಸುಮಾರು 3,500 ಹುದ್ದೆಗಳನ್ನು ಕಡಿತಗೊಳಿಸಿತು. ಇನ್ನು ಆ ಸುತ್ತೋಲೆ ಬರುವುದೇ ಆದರೆ ಪಿಯುಸಿ ಫಲಿತಾಂಶಕ್ಕೆ ಮೊದಲೇ ಬರಬೇಕು. ಪ್ರವೇಶದ ಕೊನೆಯ ವಾರದಲ್ಲಿ ಬಂದ ಆದೇಶ ಕಾಲೇಜಿನ ಕೌಂಟರನ್ನು ತಲಪುವಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತವೆ.